ನಾವು ಬೆಸುಗೆ ಕಲಿತ ಹಂಗಾಮು

ಹೋದ ತಿಂಗಳು ನಮ್ಮ ಹುಡುಗ ಹುಡುಗಿಯರನ್ನು ಕರೆದುಕೊಂಡು ಸಕ್ಕರೆ ಕಾರ್ಖಾನೆಗೆ ಹೊರಟಿದ್ದೆ. ಅಥಣಿಯ ಒಂದು ಐಟಿಐಯಲ್ಲಿ ನಾನು ವೆಲ್ಡಿಂಗ್ ಕಲಿಸುತ್ತೇನೆ. ಕಾಗವಾಡ ಇನ್ನೂ ದೂರವಿರುವಾಗಲೇ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡಿತು. ಕಿಟಕಿಯಿಂದ ಕಾಕಂಬಿಯ ವಾಸನೆ ಒಳಗೆ ನುಗ್ಗಿತು. ಸುಟ್ಟ ಬೆಲ್ಲ, ಹುಳಿತ ಹಿಟ್ಟು, ಹಸಿ ಕಬ್ಬಿನ ಸಿಪ್ಪೆ ಎಲ್ಲ ಸೇರಿದಂಥ ವಾಸನೆ. ಮಕ್ಕಳು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡರು. ನಾನು ಮಾತ್ರ ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ನನಗೆ ಹತ್ತೊಂಬತ್ತು ತುಂಬಿದ ಒಂದು ವರ್ಷ ಪೂರ್ತಿಯಾಗಿ ಈ ವಾಸನೆಯಲ್ಲಿ ಅದ್ದಿ ತೆಗೆದಂತಿದೆ. ಆ ವರ್ಷ ನಾನು ಬಹಳ ಜನರಿಗೆ ಎದುರು ಮಾತಾಡಿದೆ. ಅದರಲ್ಲಿ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಇವತ್ತಿಗೂ ಅನಿಸಿಲ್ಲ.

ನಮ್ಮ ಮನೆ ಅಂಕಲಿಯಲ್ಲಿ. ಜೈನರ ಮನೆ, ಕೃಷ್ಣೆಯ ದಂಡೆಗೆ ನಮ್ಮ ಕಬ್ಬಿನ ಹೊಲ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಮ್ಮ ಭರಮು ಕಾಕಾ, ಮತ್ತೆ ನಮ್ಮೆಲ್ಲರ ಮೇಲೆ ಆಯಿ, ಅಂದರೆ ನನ್ನ ಅಜ್ಜಿ. ಅಪ್ಪ ಹೊಲ ನೋಡುತ್ತಿದ್ದ, ಕಾಕಾ ಊರು ನೋಡುತ್ತಿದ್ದ. ಯಾರ ಮನೆಯ ಹುಡುಗಿ ಯಾವ ಬಸ್ಸಿಗೆ ಹೋದಳು, ಯಾವಾಗ ಬಂದಳು ಅನ್ನುವುದೆಲ್ಲ ಅವನಿಗೆ ಗೊತ್ತಿರುತ್ತಿತ್ತು.

ವೆಲ್ಡಿಂಗ್ ನನಗೆ ಎಲ್ಲಿಂದ ಹೊಳೆಯಿತು ಎಂದು ಜನ ಈಗಲೂ ಕೇಳುತ್ತಾರೆ. ಹುಡುಗರನ್ನು ಯಾರೂ ಹಾಗೆ ಕೇಳುವುದಿಲ್ಲ. ನನ್ನದು ಸರಳ ಕಾರಣ. ಒಂದು ವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ ನಮ್ಮ ಹೊಲದಲ್ಲೇ ತುಂಬಿದ ಟ್ರಾಲಿಯ ಕೊಂಡಿ ಮುರಿಯಿತು. ಊರ ಬಾಗಿಲಿನ ವೆಲ್ಡಿಂಗ್ ಅಂಗಡಿಯವನು ಬಂದು ಅದನ್ನು ಹಚ್ಚಿದ. ನೋಡಬಾರದು ಎಂದರೂ ನಾನು ಬೆರಳ ಸಂದಿನಿಂದ ನೋಡಿದೆ. ಕೆಲಸ ಮುಗಿದ ಮೇಲೆ ಟ್ರ್ಯಾಕ್ಟರು ಅಷ್ಟು ಭಾರವನ್ನು ಎಳೆದುಕೊಂಡು ಹೋಯಿತು, ಕೊಂಡಿ ಅಲುಗಲಿಲ್ಲ. ನನಗೆ ಬೇಕಾದ ಕೆಲಸ ಇದೇ ಅನಿಸಿತು. ಮಾಡಿದ್ದು ನಿಂತಿದೆಯೋ ಇಲ್ಲವೋ ಎಂದು ಕೂಡಲೇ ಗೊತ್ತಾಗುವಂಥ ಕೆಲಸ.

ಪಿಯುಸಿ ಮುಗಿದ ಮಳೆಗಾಲದಲ್ಲಿ ಚಿಕ್ಕೋಡಿಯ ಹೊರಗಿದ್ದ ಒಂದು ಐಟಿಐಗೆ ಸೇರಲು ಹೋದೆ. ಹುಡುಗಿಯರಿಗೆ ಹೊಲಿಗೆ, ಅದು ಬೇಡವಾದರೆ ಕಂಪ್ಯೂಟರ್. ಅಲ್ಲಿ ರೂಢಿ ಹಾಗಿತ್ತು. ವೆಲ್ಡರ್ ಎಂದಾಗ ಅರ್ಜಿ ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ ನನ್ನನ್ನು ನೋಡಿ ನಕ್ಕರು.

"ತಂಗೀ, ಇಲ್ಲಿ ತನಕ ಒಬ್ಬ ಹುಡುಗೀನೂ ಆ ಕಡೆ ಹೋಗಿಲ್ಲ."

"ಹೋಗಬಾರದಂತ ಎಲ್ಲಿ ಐತ್ರಿ?" ಎಂದೆ.

ಅಷ್ಟರಲ್ಲಿ ನನ್ನ ಹಿಂದೆ ನಿಂತಿದ್ದವಳು ಭುಜದ ಮೇಲಿಂದ ತಲೆ ಹಾಕಿ, "ನಂದೂ ವೆಲ್ಡರ್ ಬರ್ಕೋರಿ," ಅಂದಳು. ತೆಳ್ಳಗೆ, ಎತ್ತರದ ಹುಡುಗಿ. ನೆನೆದ ಓಢಣಿಯನ್ನು ಹಿಂಡಿ ಕೊರಳಿಗೆ ಸುತ್ತಿಕೊಂಡಿದ್ದಳು. ಹೆಸರು ರೇಶ್ಮಾ. ನಿಪ್ಪಾಣಿಯವಳು. ಅವಳ ತಾಯಿ ಬೀಡಿ ಕಟ್ಟುತ್ತಿದ್ದಳು, ಅಕ್ಕಂದಿರು ಕಟ್ಟುತ್ತಿದ್ದರು, ಅವಳೂ ಶಾಲೆಯಿಂದ ಬಂದು ಕಟ್ಟುತ್ತಿದ್ದಳು. ಹೊರಗೆ ಬಂದ ಮೇಲೆ, ನನ್ನನ್ನು ನೋಡಿ ಧೈರ್ಯ ಬಂತೇನೇ ಎಂದು ಕೇಳಿದೆ. ಆಕೆ ಹುಬ್ಬು ಗಂಟಿಕ್ಕಿದಳು.

"ನಿನ್ನ ನೋಡಿ ಅಲ್ಲಬೇ. ನಾ ಮನ್ಯಾಗ ಹೇಳೇ ಬಂದೇನಿ. ನೀ ಅಡ್ಡ ನಿಂತು ಮಾತಾಡಾಕತ್ತಿದ್ದಿ, ನನ್ನ ಪಾಳೆ ತಡಾ ಆಗಾಕತ್ತಿತ್ತು."

ನಮ್ಮ ಗೆಳೆತನ ಶುರುವಾದದ್ದು ಹಾಗೆ.

ಮನೆಯಲ್ಲಿ ಕಾಕಾ ಗದ್ದಲ ಎಬ್ಬಿಸಿದ. "ಹೊಲಾ ಮನಿ ಇದ್ದವರ ಹುಡುಗಿ ಕಬ್ಬಿಣಾ ಬಡ್ಯಾಕ ಹೋಗೂದೇನ? ನಾಳೆ ಸಾಂಗಲಿ ಕಡೀಂದ ಗಂಡು ಬಂದ್ರ ಏನಂತ ಹೇಳೂದು?"

"ವೆಲ್ಡರ್ ಅಂತ ಹೇಳು ಕಾಕಾ," ಎಂದೆ. ಅವ್ವ ಒಲೆಯ ಮುಂದಿನಿಂದ ಏಳದೆ, "ಹೊಲದಾಗ ಕಳೀ ತಗ್ಯಾಕ, ಕಬ್ಬಿನ ಒಣಗರಿ, ರವದಿ ಹೊರಾಕ ನಮ್ಮ ಕೈ ನಡೀತಾವ. ಶಾಣ್ಯಾತನದ ಕೆಲಸಕ್ಕ ಮಾತ್ರ ನಡ್ಯೂದಿಲ್ಲೇನ?" ಎಂದಳು. ಅವಳು ಮೈದುನನ ಎದುರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಕಾಕಾನೂ ಕೇಳಿರಲಿಲ್ಲ ಅಂತ ಕಾಣುತ್ತದೆ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ವರ್ಕ್‌ಶಾಪಿನಲ್ಲಿ ನಮಗಾಗಿ ಏನೂ ಇರಲಿಲ್ಲ. ಕೈಗವಸು ಗಂಡಸರ ಅಳತೆಯವು. ಹಾಕಿಕೊಂಡರೆ ಬೆರಳಿನ ತುದಿಯಾಚೆ ಖಾಲಿ ಚರ್ಮ ಜೋತಾಡುತ್ತಿತ್ತು. ಬೂಟಿನಲ್ಲಿ ಬಟ್ಟೆ ತುರುಕಿಕೊಂಡು ನಡೆಯುತ್ತಿದ್ದೆವು. ನಮ್ಮ ಶಿಕ್ಷಕರು ಜಾಧವ್ ಸರ್. ನಿವೃತ್ತಿಗೆ ಹತ್ತಿರವಾದ, ಗಂಟಲಿನಲ್ಲಿ ಯಾವಾಗಲೂ ಕೆಮ್ಮು ಇಟ್ಟುಕೊಂಡ ಮನುಷ್ಯ. ಮೊದಲ ದಿನ ನಮ್ಮಿಬ್ಬರನ್ನು ನೋಡಿ, "ಹೊಲಿಗಿ ವಿಭಾಗದಾಗ ಇನ್ನೂ ಜಾಗಾ ಐತಿ, ವಿಚಾರ ಮಾಡ್ರಿ," ಅಂದರು. ವಿಚಾರ ಮಾಡಿದ್ದೇವೆ ಅಂದೆವು. ಅವರು ಭುಜ ಹಾರಿಸಿ ಪಾಠ ಶುರು ಮಾಡಿದರು. ಒಂದು ಮಾತು ಹೇಳಲೇಬೇಕು: ಕಲಿಸುವುದರಲ್ಲಿ ಅವರು ಯಾರಿಗೂ ಕಡಿಮೆ ಮಾಡಲಿಲ್ಲ. ಬೈಯುವುದರಲ್ಲೂ ಕಡಿಮೆ ಮಾಡಲಿಲ್ಲ.

ಮೊದಲ ಜಗಳ ಓಢಣಿಯದ್ದು. ಹುಡುಗಿಯರು ಓಢಣಿ ಇಲ್ಲದೆ ಆವರಣದಲ್ಲಿ ಓಡಾಡಬಾರದು ಎಂದು ಪ್ರಾಚಾರ್ಯರ ಅಪ್ಪಣೆ. ಕಿಡಿ ಹಾರುವ ಕಡೆ ಜೋತಾಡುವ ಬಟ್ಟೆ ಇರಬಾರದು ಎಂದು ಜಾಧವ್ ಸರ್ ಗೋಡೆಗೆ ಅಂಟಿಸಿದ ಸುರಕ್ಷತೆಯ ನಿಯಮ. ಎರಡನ್ನೂ ಒಟ್ಟಿಗೆ ಪಾಲಿಸಲು ಬರುವುದಿಲ್ಲ. ನಾವು ಓಢಣಿ ತೆಗೆದು ಚರ್ಮದ ಏಪ್ರನ್ ಕಟ್ಟಿಕೊಂಡೆವು. ಯಾರೋ ನಮ್ಮ ಫೋಟೋ ತೆಗೆದರು. ಸಂಜೆಯೊಳಗೆ ಅದು ಅಂಕಲಿಯ ವಾಟ್ಸಾಪ್ ಗುಂಪಿಗೆ ಬಂದಿತ್ತು. ಕೆಳಗೆ ನಗುವ ಮುಖಗಳು, ಒಂದೆರಡು ಹೊಲಸು ಮಾತುಗಳು. ಕಾಕಾ ಫೋನನ್ನು ನನ್ನ ಮುಖದ ಮುಂದೆ ಹಿಡಿದ. ನನಗೆ ಅಳು ಬಂದದ್ದು ನಿಜ. ಆದರೆ ಫೋಟೋ ಚೆನ್ನಾಗಿತ್ತು. ಮುಖಕವಚ ಹಣೆಗೆ ಏರಿಸಿಕೊಂಡು, ಕೈಯಲ್ಲಿ ಬೆಸುಗೆಯ ರಾಡ್ ಸಿಕ್ಕಿಸುವ ಹೋಲ್ಡರ್ ಹಿಡಿದು ನಿಂತಿದ್ದೆ. ಅದನ್ನೇ ಇಳಿಸಿಕೊಂಡು ನನ್ನ ವಾಟ್ಸಾಪ್ ಚಿತ್ರವಾಗಿ ಹಾಕಿದೆ. ನಗುವವರಿಗೆ ಹುಡುಕುವ ತೊಂದರೆ ಯಾಕೆ?

ಎರಡನೆಯ ಜಗಳ ದೊಡ್ಡದು. ವರ್ಕ್‌ಶಾಪಿನ ಕಡೆ ಹುಡುಗಿಯರಿಗೆ ಶೌಚಾಲಯವಿರಲಿಲ್ಲ. ಹೊಲಿಗೆ ವಿಭಾಗದ ಹಿಂದೆ ಇದ್ದದ್ದಕ್ಕೆ ಬಾಗಿಲಿಲ್ಲದೆ ಎಷ್ಟೋ ವರ್ಷವಾಗಿತ್ತು. ಆ ಹುಡುಗಿಯರು ಬಸ್ ನಿಲ್ದಾಣದವರೆಗೆ ನಡೆದು ಹೋಗುತ್ತಿದ್ದರು, ಇಲ್ಲವೇ ಮನೆಗೆ ಹೋಗುವವರೆಗೆ ತಡೆದುಕೊಳ್ಳುತ್ತಿದ್ದರು. ನಾವೂ ಅವರಂತೆ ತಡೆದುಕೊಳ್ಳಲು ನೀರು ಕುಡಿಯುವುದನ್ನೇ ಬಿಟ್ಟೆವು. ಬೆಂಕಿಯ ಮುಂದೆ, ಚರ್ಮದ ಏಪ್ರನ್ನಿನೊಳಗೆ, ನೀರಿಲ್ಲದೆ. ದೀಪಾವಳಿಗೆ ಮುಂಚೆ ರೇಶ್ಮಾ ಜ್ವರ ಬಂದು ಮಲಗಿದಳು. ಮೂತ್ರದ ಸೋಂಕು ಕಿಡ್ನಿಯವರೆಗೆ ಏರಿದೆ ಎಂದು ನಿಪ್ಪಾಣಿಯ ಡಾಕ್ಟರು ಹೇಳಿದರಂತೆ.

ಅವಳ ತಾಯಿ ಹಸೀನಾಬಿ ಐಟಿಐಗೆ ಬಂದದ್ದು ಆಗ. ಕುಳ್ಳ ಹೆಂಗಸು, ಎಲೆ ಸುತ್ತಿ ಸುತ್ತಿ ಬೆರಳುಗಳ ತುದಿ ಕಂದಿ ಹೋಗಿದ್ದವು. ನಾನೂ ಜೊತೆಗೆ ಒಳಗೆ ಹೋದೆ. ಪ್ರಾಚಾರ್ಯರು ಕುರ್ಚಿ ತೋರಿಸಿದರು. ಆಕೆ ಕೂರಲಿಲ್ಲ.

"ಸಾಹೇಬ್ರ, ನಾವು ಬೀಡಿ ಗೋದಾಮಿನ್ಯಾಗ ಹಿಂಗ ನೀರ ಬಿಟ್ಟು ಕುಂತವ್ರು. ಹೊಟ್ಟೀ ನೋವಿಗೆ ಬಿದ್ದವ್ರು. ಅದನ್ನ ಅನುಭವಿಸಾಕ ನನ್ನ ಮಗಳನ್ನ ಇಲ್ಲಿ ತನಕ ಕಳಸಬೇಕಾಗಿರಲಿಲ್ಲ. ಅದು ಮನೀ ಮುಂದನ ಸಿಗತಿತ್ತು."

"ಅನುದಾನ ಬರಬೇಕವ್ವಾ. ಮುಂದಿನ ವರ್ಷ ನೋಡೂಣು."

"ಮುಂದಿನ ವರ್ಷ ನೀವು ನೋಡ್ರಿ. ಹುಡುಗ್ಯಾರು ಇವತ್ತ ಅದಾರ."

ಅಷ್ಟು ಹೇಳಿ ಆಕೆ ಬಸ್ಸು ಹಿಡಿದು ಹೋದಳು. ನಾನು ಹೊರಗೆ ನಿಂತು ಸುತ್ತ ನೋಡಿದೆ. ಪ್ರಾಚಾರ್ಯರ ಕೋಣೆಗೆ ಹೊಂದಿಕೊಂಡು ಬಿಳಿ ಟೈಲ್ಸಿನ ಶೌಚಾಲಯವೊಂದಿತ್ತು. ಬಾಗಿಲಿತ್ತು, ಚಿಲಕವಿತ್ತು, ನಲ್ಲಿಯಲ್ಲಿ ನೀರಿತ್ತು. ಮರುದಿನ ಮಧ್ಯಾಹ್ನ ನಾನು ನೆಟ್ಟಗೆ ಅದರೊಳಗೆ ಹೋಗಿ ಬಂದೆ. ಜವಾನ ದಂಗಾಗಿ ನೋಡಿದ. ಆಮೇಲೆ ಹೊಲಿಗೆ ವಿಭಾಗಕ್ಕೆ ಹೋಗಿ ಹುಡುಗಿಯರಿಗೆ ಹೇಳಿದೆ. ಒಬ್ಬಳು ಬಂದಳು, ಇನ್ನೊಬ್ಬಳು ಬಂದಳು, ಆಮೇಲೆ ಕೋಣೆಯ ಮುಂದೆ ಪಾಳಿಯೇ ನಿಂತಿತು. ಹೊರಗಿನಿಂದ ಬಂದ ಅಧಿಕಾರಿಯೊಬ್ಬರ ಜೊತೆ ಪ್ರಾಚಾರ್ಯರು ಚಹಾ ಕುಡಿಯುತ್ತಿದ್ದರು. ಅವರು ಎದ್ದು ಬಂದು, "ಏನಿದು?" ಎಂದು ಕೂಗಿದರು.

ಪಾಳಿಯಲ್ಲಿದ್ದ ಹುಡುಗಿಯರಲ್ಲಿ ಯಾರೂ ತಲೆ ತಗ್ಗಿಸಲಿಲ್ಲ. "ಪಾಳೆ ಐತ್ರಿ ಸರ್," ಅಂದೆ. "ನಿಮಗೂ ಹೋಗೂದಿದ್ರ ಬರ್ರಿ, ಮುಂದ ಬಿಡತೀವಿ."

ಆ ವಾರವೆಲ್ಲ ಪಾಳಿ ನಿಂತಿತು. ವಾರ ಕಳೆಯುವುದರೊಳಗೆ ಹಳೆಯ ಶೌಚಾಲಯಕ್ಕೆ ನೀರಿನ ಪೈಪು ಬಂತು, ಗೋಡೆಗೆ ಸುಣ್ಣ ಬಂತು. ಬಾಗಿಲು ಬರಲಿಲ್ಲ. ಜಾಧವ್ ಸರ್ ಒಂದು ಬೆಳಿಗ್ಗೆ ಕಬ್ಬಿಣದ ಆಂಗಲ್ ಪಟ್ಟಿಗಳನ್ನೂ ಒಂದು ತಗಡನ್ನೂ ನೆಲಕ್ಕೆ ಎಸೆದು, "ಈ ವಾರದ ಪ್ರಾಕ್ಟಿಕಲ್ ಬಾಗಿಲಾ. ಎಲ್ಲಾರೂ ಕೈ ಹಚ್ಚಬೇಕು," ಅಂದರು. ಹುಡುಗರೂ ಕೈ ಹಚ್ಚಿದರು. ರೇಶ್ಮಾ ವಾಪಸು ಬರುವ ಹೊತ್ತಿಗೆ ಬಾಗಿಲು ನಿಂತಿತ್ತು, ತುಸು ಸೊಟ್ಟಗೆ. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡು, ಅಲ್ಲಿಂದಲೇ, "ಕೀಲಿನ ಬೆಸುಗಿ ಯಾರ ಹಾಕ್ಯಾರ? ಥೂ, ಕೋಳಿ ಕೆದರಿಧಂಗ ಐತಿ," ಎಂದು ಬೈದಳು. ಅದನ್ನು ಹಾಕಿದವಳು ನಾನು.

ಇದು ಹೇಳಲೇಬೇಕಾದ ಮಾತು. ರೇಶ್ಮಾಳ ಕೈ ಬೇರೆ, ನನ್ನದು ಬೇರೆ. ಕೆಳಗಿನಿಂದ ಮೇಲಕ್ಕೆ ಬೆಸುಗೆ ಹಾಕುವಾಗ ಕರಗಿದ ಲೋಹ ಜಾರಿ ಬೀಳಲು ನೋಡುತ್ತದೆ. ಅವಳು ಅದನ್ನು ಮಾತಾಡಿಸಿದಂತೆ ಮೇಲಕ್ಕೆ ಕರೆದೊಯ್ಯುತ್ತಿದ್ದಳು. ನನ್ನ ಬೆಸುಗೆ ಹಿಡಿಯುತ್ತಿತ್ತು, ಅಂದವಾಗಿರುತ್ತಿರಲಿಲ್ಲ. ಜಾಧವ್ ಸರ್ ನನ್ನದನ್ನು ನೋಡಿ "ಸುಮಾರ" ಅನ್ನುತ್ತಿದ್ದರು. ನಮ್ಮ ತರಗತಿಯ ಹೆಚ್ಚಿನ ಹುಡುಗರದ್ದೂ ಸುಮಾರೇ.

ಚಳಿ ಬೀಳುತ್ತಿದ್ದಂತೆ ಕಾರ್ಖಾನೆಗಳ ಹಂಗಾಮು ಶುರುವಾಯಿತು. ಆಗ ನಮ್ಮನ್ನು ಕೃಷ್ಣೆಯಾಚೆಯ ಒಂದು ಸಕ್ಕರೆ ಕಾರ್ಖಾನೆಗೆ ಕೆಲಸ ಕಲಿಯಲು ಕಳಿಸುವ ಪದ್ಧತಿ. ಕಾರ್ಖಾನೆಯಿಂದ ಉತ್ತರ ಬಂತು: ಹುಡುಗರನ್ನು ಕಳಿಸಿ, ಹುಡುಗಿಯರು ಬೇಡ. ಜಾಧವ್ ಸರ್ ಫೋನಿನಲ್ಲಿ ಬಹಳ ಹೊತ್ತು ಮಾತಾಡಿ ಬಂದು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದರು.

"ಅಲ್ಲಿ ಫೋರ್‌ಮನ್ ಬಸಗೌಡ್ರು ಒಂದ ಮಾತಿಗೆ ಒಪ್ಯಾರ. ನಿಮ್ಮಿಬ್ಬರಿಗೂ ಒಂದ ಪರೀಕ್ಷಾ ಕೊಡ್ತಾರ. ಪಾಸ್ ಆದ್ರ ತಗೋತಾರ."

"ಹುಡುಗರಿಗೆ ಸರ್?"

"ಅವರಿಗೆ ಯಾಕ?"

"ಹಂಗಾರ ನಮಗ್ಯಾಕ?" ಎಂದೆ. "ನಾ ಕೊಡೂದಿಲ್ಲ ಸರ್. ಎಲ್ಲಾರಿಗೂ ಕೊಟ್ಟರ ಕೊಡ್ತೇನಿ."

ಹೊರಗೆ ಬಂದ ಮೇಲೆ ರೇಶ್ಮಾ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅವಳಿಗೆ ಸಿಟ್ಟು ಬಂದಾಗ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

"ನನ್ನ ಪಾಲಿಂದೂ ನೀನ ಯಾಕ ಉತ್ತರಾ ಕೊಟ್ಟಿ?"

"ಅನ್ಯಾಯ ಅಲ್ಲೇನ ಅದು?"

"ಅನ್ಯಾಯಂತ ನನಗೂ ಗೊತ್ತೈತಿ ಪದ್ಮಾ. ಆದ್ರ ಇದು ತಪ್ಪಿದ್ರ ನೀ ಹೊಲಕ್ಕ ಹೋಗತಿ. ನಾ ಮೊರಾ ಮುಂದಿಟ್ಕೊಂಡು ಬೀಡಿ ಕಟ್ಟಾಕ ಕೂಡಬೇಕು. ಪರೀಕ್ಷಾ ಕೊಟ್ರ ನಾ ಪಾಸ್ ಆಗತೇನಿ. ನೀ ಹಟಾ ಹಿಡದ್ರ ಇಬ್ಬರಿಗೂ ಬಾಗಿಲಾ ಮುಚ್ಚತೈತಿ."

ಅವಳು ಹೇಳಿದ್ದು ನಿಜ. ನನ್ನ ಹಟದ ಹಿಂದೆ ಎಕರೆಗಟ್ಟಲೆ ಕಬ್ಬು ನಿಂತಿತ್ತು. ಆದರೆ ನಾನು ಹೇಳಿದ್ದೂ ನಿಜ. "ನೀ ಕೊಡು," ಅಂದೆ ಕೊನೆಗೆ. "ನಾ ಕೊಡೂದಿಲ್ಲ. ನಿನ್ನ ಬಾಜೂಕ ಕೈ ಕಟ್ಟಿ ನಿಂದರತೇನಿ." ಅವಳು ನನ್ನ ತೋಳು ಬಿಟ್ಟು ಬಸ್ಸು ಹತ್ತಿದಳು.

ಕಾರ್ಖಾನೆಗೆ ಹೋದ ದಿನ ನಾವು ಬೇರೆ ಬೇರೆ ಸೀಟಿನಲ್ಲಿ ಕೂತಿದ್ದೆವು. ಗೇಟಿನಾಚೆ ಕಬ್ಬಿನ ಗಾಡಿಗಳ ಸಾಲು, ಚಿಮಣಿಯ ಹೊಗೆ, ಗಾಳಿಯಲ್ಲಿ ತೇಲುವ ಸಿಪ್ಪೆಯ ಪುಡಿ, ಕಾಲಡಿಯಲ್ಲಿ ಸದಾ ನಡುಗುವ ನೆಲ. ವರ್ಕ್‌ಶಾಪಿನಲ್ಲಿ ಫೋರ್‌ಮನ್ ಬಸಗೌಡ್ರು ನಿಂತಿದ್ದರು. ಬಿಳಿ ಮೀಸೆ, ಎಣ್ಣೆ ಮೆತ್ತಿದ ಖಾಕಿ ಅಂಗಿ. ಹುಡುಗರನ್ನು ಒಂದು ಬೆಂಚಿನ ಮೇಲೆ ಕೂರಿಸಿದರು. ಮೇಜಿನ ಮೇಲೆ ಎರಡು ಜೊತೆ ಕಬ್ಬಿಣದ ಪ್ಲೇಟುಗಳಿದ್ದವು.

"ಬರ್ರಿ ತಂಗ್ಯಾರ. ಇವನ್ನ ನಿಂದರಿಸಿ, ಕೆಳಗಿಂದ ಮ್ಯಾಲಕ್ಕ ಹಚ್ಚಿ ತೋರಸ್ರಿ. ನೋಡೂಣು."

ನಾನು ಕೈ ಕಟ್ಟಿಕೊಂಡು ನಿಂತೆ. ರೇಶ್ಮಾ ಮುಂದೆ ಹೋದಳು. ಕೈಗವಸು ಹಾಕಿದಳು, ಪ್ಲೇಟುಗಳನ್ನು ಮೇಜಿನ ಇಕ್ಕಳಕ್ಕೆ ಬಿಗಿದಳು, ಹೋಲ್ಡರಿಗೆ ರಾಡ್ ಸಿಕ್ಕಿಸಿದಳು. ಬೆಂಚಿನ ಮೇಲಿದ್ದ ಹುಡುಗರು ಫೋನು ಹೊರಗೆ ತೆಗೆದರು. ಒಬ್ಬ ಏನೋ ಅಂದ, ಉಳಿದವರು ನಕ್ಕರು. ರೇಶ್ಮಾ ಮುಖಕವಚ ಇಳಿಸಲು ಕೈ ಎತ್ತಿದವಳು ಹಾಗೇ ನಿಂತಳು. ಬೆಂಚಿನ ಕಡೆ ನೋಡಿದಳು. ಆಮೇಲೆ ಹೋಲ್ಡರನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಸಾಹೇಬ್ರ, ಅವರ ಪ್ಲೇಟ್ ಎಲ್ಲಿ ಅದಾವ್ರಿ?"

"ಅವರದೇನ ಬೇ?"

"ಅವರೂ ಇಲ್ಲೇ ಕಲ್ಯಾಕ ಬಂದಾರಲ್ರಿ. ನಾ ಹಚ್ಚತೇನಿ. ನಂದು ಚೊಲೋ ಬರತೈತಿ, ನನಗ ಗೊತ್ತೈತಿ. ಆದ್ರ ಜಾತ್ರ್ಯಾಗ ಕರಡಿ ಆಡಿಸಿಧಂಗ ಇವರ ಮುಂದ ಹಚ್ಚೂದಿಲ್ಲ. ಎಲ್ಲಾರೂ ಹಚ್ಚಲಿ."

ಫೋರ್‌ಮನ್ನರ ಮುಖ ಕೆಂಪಾಯಿತು. ಅವರು ಜಾಧವ್ ಸರ್ ಕಡೆ ತಿರುಗಿದರು. ಹುಡುಗಿಯರನ್ನು ಗದರಿಸಲಿ ಎಂದು ಕಾದರು ಅಂತ ಕಾಣುತ್ತದೆ. ಸರ್ ಕೆಮ್ಮಿದರು, ಗಂಟಲು ಸರಿ ಮಾಡಿಕೊಂಡರು.

"ಕೊಡ್ರಿ ಗೌಡ್ರ, ಎಲ್ಲಾರಿಗೂ ಪ್ಲೇಟ್ ಕೊಡ್ರಿ," ಅಂದರು. "ನಾ ಎಲ್ಲಾರಿಗೂ ಒಂದ ಪಾಠಾ ಕಲಿಸೇನಿ. ಏನ ಕಲಿಸೇನಿ ಅನ್ನೂದು ನಂದೂ ಪರೀಕ್ಷಾ ಆಗಲಿ."

ಬೆಂಚಿನ ಮೇಲಿನ ನಗು ನಿಂತಿತು. ಪ್ಲೇಟುಗಳು ಬಂದವು. ಈಗ ನಾನೂ ಕೈ ಬಿಚ್ಚಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಬ್ಬೊಬ್ಬರಾಗಿ ಹಚ್ಚಿದೆವು. ಆಮೇಲೆ ಫೋರ್‌ಮನ್ ಒಂದೊಂದೇ ಜೋಡಣೆಯನ್ನು ಇಕ್ಕಳಕ್ಕೆ ಬಿಗಿದು ದೊಡ್ಡ ಸುತ್ತಿಗೆಯಿಂದ ಮುರಿದರು. ಬೆಸುಗೆಯ ಒಳಗೆ ಏನಿದೆ ಎಂದು ಮುರಿದರೇ ಗೊತ್ತಾಗುವುದು. ರೇಶ್ಮಾಳದ್ದು ಸುಲಭಕ್ಕೆ ಮುರಿಯಲಿಲ್ಲ. ಮುರಿದಾಗ ಒಳಗೆ ಒಂದೇ ಬಣ್ಣ, ಒಂದು ತೂತಿಲ್ಲ. ಫೋರ್‌ಮನ್ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹುಡುಗರಲ್ಲಿ ಇಬ್ಬರದ್ದು ಚೆನ್ನಾಗಿತ್ತು, ಕೆಲವರದ್ದು ಮೊದಲ ಏಟಿಗೇ ಬೇರೆಯಾಯಿತು. ನನ್ನದರಲ್ಲಿ ಅಲ್ಲಲ್ಲಿ ಕಿಟ್ಟ ಸಿಕ್ಕಿಕೊಂಡಿತ್ತು.

"ನೋಡವ್ವಾ, ಇದು ಸುಮಾರ ಐತಿ," ಅಂದರು ಫೋರ್‌ಮನ್, ಉಸಿರು ಹಗುರ ಮಾಡಿಕೊಂಡು. "ಆಕೀನ ತಗೋತೇವಿ. ನಿಂದು ಕಷ್ಟ ಐತಿ."

"ಹೌದ್ರಿ, ಸುಮಾರ ಐತಿ," ಎಂದೆ. ನನ್ನ ಪಕ್ಕದಲ್ಲಿದ್ದ ರಾಯಬಾಗದ ಹುಡುಗನ ತುಂಡನ್ನು ಎತ್ತಿ ನನ್ನದರ ಪಕ್ಕಕ್ಕಿಟ್ಟೆ. "ಇದೂ ಸುಮಾರ ಐತಿ. ಈ ಹುಡುಗನ್ನ ತಗೋತೀರಿಲ್ರಿ?"

"ಅಂವ ಕಲ್ಯಾಕ ಬಂದಾನಲ್ಲ. ತಗೋಬೇಕಾಗತೈತಿ."

"ನಾನೂ ಕಲ್ಯಾಕ ಬಂದೇನ್ರಿ."

ಅವರು ಎರಡೂ ತುಂಡುಗಳನ್ನು ನೋಡಿದರು. ರಾಯಬಾಗದ ಹುಡುಗ ತಲೆ ಕೆರೆದುಕೊಂಡು, "ಖರೇ ಹೇಳಬೇಕಂದ್ರ ಆಕೀದು ನಂದಕ್ಕಿಂತ ಚೊಲೋ ಐತ್ರಿ," ಅಂದ. ಎಲ್ಲರೂ ನಕ್ಕರು, ಫೋರ್‌ಮನ್ನರ ಮೀಸೆಯೂ ಅಲ್ಲಾಡಿತು. "ನಾಳೆ ಹೊತ್ತಿಗೆ ಸರಿಯಾಗಿ ಬರ್ರಿ. ಎಲ್ಲಾರೂ," ಎಂದು ಹೇಳಿ ಅವರು ಕಬ್ಬು ಅರೆಯುವ ಗಿರಣಿಯ ಕಡೆ ಹೋದರು.

ಆಕೀನ ತಗೋತೇವಿ, ನಿಂದು ಕಷ್ಟ ಐತಿ ಎಂಬ ಆ ಮಾತಿನ ಬಗ್ಗೆ ಬಹಳ ವರ್ಷ ಯೋಚಿಸಿದ್ದೇನೆ. ಒಬ್ಬಳು ಹುಡುಗಿ ಒಳಗೆ ಬರಬೇಕಾದರೆ ಎಲ್ಲರಿಗಿಂತ ಚೆನ್ನಾಗಿರಬೇಕು ಎಂದು ಹೇಳುವವರು ತಮ್ಮನ್ನು ಉದಾರಿಗಳು ಅಂದುಕೊಂಡಿರುತ್ತಾರೆ. ರೇಶ್ಮಾಳಂಥವಳಿಗೆ ಬಾಗಿಲು ತೆಗೆಯುವುದು ದೊಡ್ಡ ಮಾತಲ್ಲ. ನನ್ನಂಥ ಸುಮಾರಿನವಳೂ ಸುಮಾರು ಹುಡುಗನ ಪಕ್ಕದಲ್ಲಿ ನಿಂತು, ತಪ್ಪು ಮಾಡುತ್ತ, ಬೈಸಿಕೊಳ್ಳುತ್ತ ಕಲಿಯುವ ಹಾಗಾದರೆ ಮಾತ್ರ ಬಾಗಿಲು ತೆರೆದಿದೆ ಎಂದು ನಾನು ನಂಬುತ್ತೇನೆ.

ಗೇಟಿನ ಹೊರಗೆ ರೇಶ್ಮಾ ನನಗಾಗಿ ಕಾದಿದ್ದಳು. "ನಾ ಹೋಲ್ಡರ್ ಕೆಳಗಿಟ್ಟಿದ್ದು ನಿನ್ನ ಮಾತಿಗಲ್ಲ," ಅಂದಳು, ನಾನು ಕೇಳುವ ಮೊದಲೇ. "ಅವರು ಫೋನ್ ತಗದಿದ್ದಕ್ಕ."

ನಿಪ್ಪಾಣಿಯಿಂದ ದಿನಾ ಕಾರ್ಖಾನೆಗೆ ಬಂದು ಹೋಗುವುದು ಅವಳಿಗೆ ಆಗದ ಮಾತು. ಹಂಗಾಮು ಮುಗಿಯುವವರೆಗೆ ನಮ್ಮ ಮನೆಯಲ್ಲೇ ಇರಲಿ ಎಂದು ಅವ್ವನನ್ನು ಕೇಳಿದೆ. ಕಾಕಾ ಎರಡು ದಿನ ಊಟಕ್ಕೆ ಕೂರಲಿಲ್ಲ. ಆಯಿ ಬಾಯಿಬಿಟ್ಟು ಬೇಡ ಅನ್ನಲಿಲ್ಲ. ಆದರೆ ಕಿಟಕಿಯ ಕಟ್ಟೆಯ ಮೇಲೆ ಒಂದು ಬೇರೆ ಲೋಟ ಬಂತು. ರೇಶ್ಮಾ ಅದನ್ನು ನೋಡಿದಳು, ಅದರಲ್ಲೇ ನೀರು ಕುಡಿದಳು, ತೊಳೆದು ಅಲ್ಲೇ ಇಟ್ಟಳು. ಮರುದಿನದಿಂದ ನಾನೂ ಅದೇ ಲೋಟದಲ್ಲಿ ಕುಡಿಯತೊಡಗಿದೆ. ಆಯಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ನಾನು ಲೋಟವನ್ನು ತೊಳೆದು ಒಳಗಿನ ಮಾಡದಲ್ಲಿ ಉಳಿದವುಗಳ ಜೊತೆ ಇಡುತ್ತಿದ್ದೆ, ಅವಳು ತೆಗೆದು ಕಿಟಕಿಗೆ ಇಡುತ್ತಿದ್ದಳು. ಕೆಲವು ದಿನ ಹಾಗೇ ನಡೆಯಿತು. ಆಮೇಲೆ ಒಂದು ದಿನ ಅವಳು ತೆಗೆಯಲಿಲ್ಲ. ಯಾವ ಲೋಟ ಯಾವುದೆಂದು ಆಮೇಲೆ ನನಗೂ ಗುರುತು ಸಿಗಲಿಲ್ಲ.

ಆಯಿ ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ, ಮನೆಯವರೂ ಉಣ್ಣಬಾರದು ಅನ್ನುವವಳು. ಕಬ್ಬಿನ ಗಾಡಿಗಳ ನಡುವೆ ನಮ್ಮ ಬಸ್ಸು ಸಿಕ್ಕಿ ತಡವಾಗುವುದನ್ನು ನೋಡಿ ಒಂದು ಬೆಳಿಗ್ಗೆ ಅವಳೇ ಎರಡು ಡಬ್ಬಿ ತಂದು ಕೊಟ್ಟಳು. "ಅಲ್ಲೇ ಬೆಳಕಿರೂದರಾಗ ಇಬ್ಬರೂ ಉಂಡ ಬರ್ರಿ," ಎಂದಳು. ನನ್ನ ಕೆಲಸದ ಬಗ್ಗೆ ಅವಳು ಹೇಳಿದ ಒಪ್ಪಿಗೆಯ ಮಾತು ಅದೊಂದೇ. ನನಗೆ ಅದು ಸಾಕಾಗಿತ್ತು.

ಆ ಹಂಗಾಮಿನಲ್ಲಿ ಕಲಿತದ್ದು ಇವತ್ತಿಗೂ ನನ್ನ ಕೈಯಲ್ಲಿದೆ. ಕಬ್ಬು ಅರೆಯುವ ದೊಡ್ಡ ರೋಲರುಗಳು ಸವೆದು ನುಣುಪಾದರೆ ಕಬ್ಬು ಜಾರುತ್ತದೆ. ಅವು ತಿರುಗುತ್ತಿರುವಾಗಲೇ ಹಲ್ಲುಗಳ ಮೇಲೆ ಲೋಹದ ಹನಿ ಹನಿ ಕೂರಿಸಿ ಒರಟು ಮಾಡಬೇಕು. ಹಳೆಯ ವೆಲ್ಡರುಗಳು ರಸ ಸಿಡಿಯುವ ಆ ಜಾಗದಲ್ಲಿ ನಿಂತು ಅದನ್ನು ಮಾಡುವುದನ್ನು ನಾವು ದೂರದಿಂದ ನೋಡುತ್ತಿದ್ದೆವು. ನಮ್ಮ ಪಾಲಿಗೆ ಅಂಗಳದ ಕೆಲಸ: ಒಡೆದ ಟ್ರಾಲಿ, ಬಾಗಿದ ಸರಪಳಿ ಕೊಂಡಿ, ಹರಿದ ತಗಡು. ಕಬ್ಬು ಕಡಿಯಲು ಮಹಾರಾಷ್ಟ್ರದ ಒಳನಾಡಿನಿಂದ ಬಂದ ಹೆಂಗಸರು ಗಾಡಿಯ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದರು. ಒಬ್ಬಳು ಇಳಿದು ಬಂದು ರೇಶ್ಮಾಳ ಕೈಗವಸನ್ನು ಮುಟ್ಟಿ, "ಪೋರೀ, ಹಾತ್ ಭಾಜತ್ ನಾಹೀ ಕಾ?" ಎಂದು ಕೇಳಿದಳು, ಕೈ ಸುಡುವುದಿಲ್ಲವೇ ಎಂದು. ಅವಳ ಕೈಯಲ್ಲೇ ಕಬ್ಬಿನ ಎಲೆ ಕೊರೆದ ಗಾಯಗಳು ತುಂಬಿದ್ದವು. ರೇಶ್ಮಾ ನಕ್ಕು ತನ್ನ ಮುಖಕವಚವನ್ನು ಅವಳಿಗೆ ಹಾಕಿದಳು, ಒಂದು ಕಿಡಿ ಹೊಡೆದು ತೋರಿಸಿದಳು. ಕವಚದೊಳಗಿಂದ ಆಕೆ ಕೂಗಿದ ಕೂಗಿಗೆ ಎತ್ತುಗಳು ತಿರುಗಿ ನೋಡಿದವು.

ಕಾಕಾ ಮೆತ್ತಗಾಗಲಿಲ್ಲ. ಸಾಂಗಲಿ ಕಡೆಯ ಸಂಬಂಧವೊಂದು ಆ ಫೋಟೋದಿಂದಾಗಿ ತಪ್ಪಿತು ಎಂದು ಅವನು ಇವತ್ತಿಗೂ ನಂಬಿದ್ದಾನೆ, ಮನೆಗೆ ಹೋದರೆ ಇವತ್ತಿಗೂ ನನ್ನ ಕಡೆ ನೋಡದೆ ಮಾತಾಡುತ್ತಾನೆ. ತಪ್ಪಿದ್ದರೆ ತಪ್ಪಲಿ. ಫೋಟೋ ನೋಡಿ ಓಡಿದವನು ಎದುರಿಗಿದ್ದರೆ ಇನ್ನೂ ದೂರ ಓಡುತ್ತಿದ್ದ.

ಬೇಸಿಗೆಯಲ್ಲಿ ಗಿರಣಿ ನಿಂತಿತು, ನಾವು ಐಟಿಐಗೆ ಮರಳಿದೆವು, ಪರೀಕ್ಷೆ ಬರೆದೆವು, ಇಬ್ಬರೂ ಪಾಸಾದೆವು. ರೇಶ್ಮಾಳಿಗೆ ಕೊಲ್ಹಾಪುರದ ಕಡೆಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಈಗ ಅಲ್ಲಿ ಅವಳ ಕೈ ಕೆಳಗೆ ಗಂಡಸರು ಕೆಲಸ ಮಾಡುತ್ತಾರೆ. ಅವರ ಬೆಸುಗೆಗಳಿಗೂ ಕೋಳಿಯ ಹೋಲಿಕೆ ತಪ್ಪಿಲ್ಲ ಎಂದು ಫೋನಿನಲ್ಲಿ ಹೇಳುತ್ತಾಳೆ.

ಆ ವರ್ಷದ ಕೊನೆಯ ನೆನಪು ಮತ್ತೊಂದು ಮಳೆಯ ದಿನದ್ದು. ಪ್ರಮಾಣಪತ್ರ ತೆಗೆದುಕೊಳ್ಳಲು ನಾವಿಬ್ಬರೂ ಐಟಿಐಗೆ ಹೋಗಿದ್ದೆವು. ಹೊಸ ತರಗತಿಗಳು ಶುರುವಾಗಿದ್ದವು. ಹೊರಗಿನ ಮೆಟ್ಟಿಲ ಬುಡದಲ್ಲಿ ಸಣ್ಣ ಗುಂಪು. ನಡುವೆ ಒಬ್ಬಳು ಹುಡುಗಿ, ಕಂಕುಳಲ್ಲಿ ಊರುಗೋಲು. ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಐಗಳಿಯ ಲಕ್ಷ್ಮೀ ಎಂದು ಆಮೇಲೆ ತಿಳಿಯಿತು. ಅವಳು ಸೇರಿದ್ದು ಎಲೆಕ್ಟ್ರಿಶಿಯನ್ ವಿಭಾಗ, ಆ ತರಗತಿ ಇದ್ದದ್ದು ಮೇಲಿನ ಮಹಡಿಯಲ್ಲಿ. ಮಳೆಗೆ ಮೆಟ್ಟಿಲು ಪಾಚಿಗಟ್ಟಿ ಜಾರುತ್ತಿತ್ತು. ಪ್ರಾಚಾರ್ಯರು ಅವಳಿಗೆ ಕಂಪ್ಯೂಟರ್ ವಿಭಾಗ ಎಷ್ಟು ಅನುಕೂಲ, ಅದು ಕೆಳಗೇ ಇದೆ ಎಂದು ಮೆಲ್ಲಗೆ ತಿಳಿಹೇಳುತ್ತಿದ್ದರು. ಅವಳ ತರಗತಿಯ ಹುಡುಗರು ಒಳ್ಳೆಯವರೇ. ಇಬ್ಬರು ತೋಳು ಮಡಚಿಕೊಂಡು ಮುಂದೆ ಬಂದು, "ನಾವು ದಿನಾ ಎತ್ಕೊಂಡ ಹೋಗತೇವ್ರಿ ಸರ್," ಅಂದರು.

ನಾನು ಮಾತಾಡಲು ಬಾಯಿ ತೆರೆದೆ. ರೇಶ್ಮಾ ನನ್ನ ಕಾಲು ತುಳಿದಳು.

ಲಕ್ಷ್ಮೀ ಊರುಗೋಲನ್ನು ಗೋಡೆಗೆ ಒರಗಿಸಿ ಮೊದಲ ಮೆಟ್ಟಿಲ ಮೇಲೆ ಕೂತಳು. ಮಳೆನೀರು ಅವಳ ಹೊಸ ಸಮವಸ್ತ್ರಕ್ಕೆ ಇಳಿಯುತ್ತಿತ್ತು. ಅವಳು ಒಬ್ಬೊಬ್ಬರನ್ನೇ ನೋಡಿದಳು. ಪ್ರಾಚಾರ್ಯರನ್ನು, ಮೇಲಿನಿಂದ ಬಗ್ಗಿ ನೋಡು­ತ್ತಿದ್ದ ಶಿಕ್ಷಕರನ್ನು, ತೋಳು ಮಡಚಿ ನಿಂತ ಹುಡುಗರನ್ನು.

"ನನ್ನ ಎತ್ಕೊಂಡ ಹೋಗೂದು ಬ್ಯಾಡ," ಅಂದಳು. "ಆ ವೈರಿಂಗ್ ಬೋರ್ಡ್ ಅದಾವಲ್ಲ, ಅವನ್ನ ಎತ್ಕೊಂಡ ಕೆಳಗ ಬರ್ರಿ. ಅವೇನು ನನಗಿಂತ ಭಾರ ಇಲ್ಲ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತೋಳು ಬಿಚ್ಚಿ, ಪಾಚಿಯ ಮೇಲೆ ಜಾರದಂತೆ ಗೋಡೆ ಹಿಡಿದುಕೊಂಡು, ಬೋರ್ಡ್ ತರಲು ಮೇಲೆ ಹತ್ತಿದರು.